ಅಜ್ಜಿಗಿತ್ತು, ಅಮ್ಮನಿಗೆ ಬಂತು

ಅಕ್ಕ: ಮಾಲೂರಿನವರು ಫೋನ್ ಮಾಡಿದ್ದರು. ನನ್ನ ಮಗಳು ಅವರಿಗೆ ಒಪ್ಪಿಗೆಯಂತೆ, ಜಾತಕವೂ ಕೂಡಿಬಂತಂತೆ. ಎಲ್ಲ ಮಾತಾಡಿದ ಮೇಲೆ ಹುಡುಗನ ತಾಯಿ ಮೆಲ್ಲಗೆ ಕೇಳಿದರು: ‘ನಿಮ್ಮ ತಾಯಿಗೆ ಮರೆವಿನ ಕಾಯಿಲೆಯಂತೆ, ಮುಳಬಾಗಿಲಿನ ಅಜ್ಜಿಗೂ ಹಾಗೇ ಇತ್ತಂತೆ. ಅದು ವಂಶದಲ್ಲಿ ಬರೋದಾ?’ ನನಗೆ ಬಾಯೇ ಕಟ್ಟಿಹೋಯ್ತು. ತಮ್ಮ ಕೋಲಾರದಲ್ಲಿ ಡಾಕ್ಟರು, ಕೇಳಿ ಹೇಳ್ತೀನಿ ಅಂದೆ. ಈಗ ಹೇಳು. ಅವರಿಗೆ ಆಮೇಲೆ ಹೇಳೋಣ, ಮೊದಲು ನನಗೆ ಹೇಳು.

ತಮ್ಮ: ನನಗೂ ಅದೇ ಅಮ್ಮ ಅಲ್ವಾ ಅಕ್ಕ, ಆ ಪ್ರಶ್ನೆ ನನ್ನದೂ ಹೌದು. ಆದರೆ ಹೌದು ಅಂದರೂ ತಪ್ಪಾಗುತ್ತೆ, ಇಲ್ಲ ಅಂದರೂ ತಪ್ಪಾಗುತ್ತೆ. ಅಜ್ಜಿಗೆ ಶುರುವಾದಾಗ ವಯಸ್ಸೆಷ್ಟು, ನೆನಪಿದೆಯಾ?

ಅಕ್ಕ: ಆಗ ಯಾರು ವಯಸ್ಸು ಬರೆದಿಟ್ಟಿದ್ದರು? ನನ್ನ ಮದುವೆಯಲ್ಲಿ ಚೆನ್ನಾಗೇ ಓಡಾಡಿದ್ದಳು, ಇಡೀ ಮನೆಗೆ ಅವಳೇ ಅಡುಗೆ ಬಡಿಸಿದ್ದಳು. ಅದಾಗಿ ಎಷ್ಟೋ ವರ್ಷಕ್ಕೆ. ಎಪ್ಪತ್ತೈದು ದಾಟಿತ್ತು ಅನ್ಸುತ್ತೆ. ಎಲ್ಲರೂ ಅರಳುಮರಳು ಅಂದು ಸುಮ್ಮನಾದರು. ಅಮ್ಮನಿಗೂ ಎಪ್ಪತ್ತು ದಾಟಿದ ಮೇಲೆ.

ತಮ್ಮ: ಆ ವಯಸ್ಸಿನಲ್ಲೇ ಅರ್ಧ ಉತ್ತರ ಇದೆ. ಒಂದೇ ಒಂದು ಜೀನ್ ಕೆಟ್ಟರೆ ಸಾಕು, ಆಲ್ಝೈಮರ್ ಅನ್ನೋ ಈ ಮರೆವಿನ ಕಾಯಿಲೆ ಬಂದೇ ಬರುತ್ತೆ ಅನ್ನೋ ಮನೆತನಗಳು ಇವೆ. ಅಲ್ಲಿ ಅದು ಎಪ್ಪತ್ತರವರೆಗೆ ಕಾಯಲ್ಲ. ಮೂವತ್ತು, ನಲವತ್ತು, ಐವತ್ತರಲ್ಲೇ ಶುರುವಾಗುತ್ತೆ. ಮೂರು ಜೀನ್‌ಗಳು ಮುಖ್ಯ. ಎಪಿಪಿ ಅನ್ನೋದು 21ನೇ ವರ್ಣತಂತುವಿನಲ್ಲಿ, ಪ್ರೆಸೆನಿಲಿನ್-1 ಅನ್ನೋದು 14ನೇದರಲ್ಲಿ, ಪ್ರೆಸೆನಿಲಿನ್-2 ಅನ್ನೋದು 1ನೇದರಲ್ಲಿ. ತಾಯಿಗೋ ತಂದೆಗೋ ಇದ್ದರೆ ಪ್ರತಿ ಮಗುವಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಒಂದು ತಲೆಮಾರೂ ಬಿಡದೆ ಇಳಿದು ಬರುತ್ತೆ. ಪ್ರಪಂಚದ ಎಲ್ಲ ಆಲ್ಝೈಮರ್ ರೋಗಿಗಳನ್ನ ಒಂದು ಕಡೆ ನಿಲ್ಲಿಸಿದರೆ ಇಂಥವರು ನೂರಕ್ಕೆ ಒಬ್ಬರೂ ಇರಲ್ಲ. ನಮ್ಮ ಮನೆ ಆ ಲೆಕ್ಕಕ್ಕೆ ಬರಲ್ಲ ಅಂತ ನನಗೆ ಹೆಚ್ಚುಕಡಿಮೆ ಖಾತ್ರಿ.

ಅಕ್ಕ: ಹೆಚ್ಚುಕಡಿಮೆ ಅಂತೀಯ.

ತಮ್ಮ: ಪರೀಕ್ಷೆ ಮಾಡಿಸದೆ ಪೂರ್ತಿ ಖಾತ್ರಿ ಅನ್ನೋ ಡಾಕ್ಟರನ್ನ ನಂಬಬೇಡ. ಆದರೆ ಅಜ್ಜಿಯ ಒಡಹುಟ್ಟಿದವರಲ್ಲಿ ನಾಲ್ಕು ಜನ ಎಂಬತ್ತು ದಾಟಿದರು, ಅವರಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಕಡೆ ಯಾರಿಗೂ ಐವತ್ತಕ್ಕೆ ಶುರುವಾಗಲಿಲ್ಲ. ಅಂಥ ಮನೆತನ ಹೇಗಿರುತ್ತೆ ಅಂತ ನೋಡಬೇಕಾದರೆ ದಕ್ಷಿಣ ಅಮೆರಿಕದ ಕೊಲಂಬಿಯಾಕ್ಕೆ ಹೋಗಬೇಕು. ಅಂತಿಯೋಕಿಯಾ ಅನ್ನೋ ಗುಡ್ಡಗಾಡು ಪ್ರಾಂತ್ಯದಲ್ಲಿ ಪ್ರೆಸೆನಿಲಿನ್-1ರ ಒಂದೇ ದೋಷ ಸಾವಿರಾರು ಜನ ಇರೋ ಒಂದು ದೊಡ್ಡ ಬಳಗದಲ್ಲಿ ಹರಿದು ಬಂದಿದೆ. ನಲವತ್ತೈದರ ಆಸುಪಾಸಿಗೆ ಮರೆವು ಶುರು. ಫ್ರಾನ್ಸಿಸ್ಕೊ ಲೊಪೇರಾ ಅನ್ನೋ ನರರೋಗ ತಜ್ಞ ಜೀವಮಾನವನ್ನೆಲ್ಲ ಆ ಮನೆಗಳಿಗೆ ಮೀಸಲಿಟ್ಟರು, 2024ರಲ್ಲಿ ತೀರಿಕೊಂಡರು. ಅದೇ ಬಳಗದಲ್ಲಿ ಒಬ್ಬ ಹೆಂಗಸು. ಕೆಟ್ಟ ಜೀನ್ ಇತ್ತು, ಮೆದುಳಿನ ತುಂಬ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಕಸ ತುಂಬಿತ್ತು, ಆದರೂ ಎಪ್ಪತ್ತರವರೆಗೆ ನೆನಪು ಗಟ್ಟಿಯಾಗೇ ಇತ್ತು. ಯಾಕೆ ಅಂತ ಹುಡುಕಿದರೆ ಅವಳಲ್ಲಿ ಇನ್ನೊಂದು ಜೀನ್‌ನ ಅಪರೂಪದ ರೂಪ ಎರಡೂ ಪ್ರತಿ ಸಿಕ್ಕಿತು. 2019ರಲ್ಲಿ ಆ ಸುದ್ದಿ ಹೊರಬಂತು. ಅಷ್ಟು ಗಟ್ಟಿಯಾಗಿ ಬರೆದಿದ್ದ ಹಣೆಬರಹವನ್ನೂ ಇನ್ನೊಂದು ಜೀನ್ ಮುಂದೂಡಿತು.

ಅಕ್ಕ: ಆ ಇನ್ನೊಂದು ಜೀನ್ ಯಾವುದು?

ತಮ್ಮ: ಅಪೋ-ಇ. ನಮ್ಮ ಮನೆಯ ಪ್ರಶ್ನೆಗೂ ಅದೇ ಬೇಕು. 19ನೇ ವರ್ಣತಂತುವಿನಲ್ಲಿದೆ. ಮೆದುಳಿನಲ್ಲಿ ಕೊಬ್ಬನ್ನ ಹೊತ್ತು ಸಾಗಿಸೋ ಪ್ರೋಟೀನನ್ನ ಮಾಡುತ್ತೆ. ಅದರಲ್ಲಿ ಸಾಮಾನ್ಯವಾಗಿ ಕಾಣೋದು ಮೂರು ರೂಪ: ಇ2, ಇ3, ಇ4. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ಹೆಚ್ಚು ಜನರಲ್ಲಿ ಇರೋದು ಇ3. ಇ2 ಇದ್ದರೆ ಸ್ವಲ್ಪ ರಕ್ಷಣೆ. ಇ4 ಇದ್ದರೆ ಮುಪ್ಪಿನ ಆಲ್ಝೈಮರ್ ಬರೋ ಸಾಧ್ಯತೆ ಹೆಚ್ಚು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1993ರಲ್ಲಿ ಇದನ್ನ ಕಂಡುಹಿಡಿದರು. ಬಿಳಿಯರಲ್ಲಿ ನಡೆದ ಅಧ್ಯಯನಗಳ ಪ್ರಕಾರ ಒಂದು ಇ4 ಇದ್ದರೆ ಸುಮಾರು ಮೂರು ಪಟ್ಟು, ಎರಡೂ ಇ4 ಆದರೆ ಎಂಟು ಹತ್ತು ಪಟ್ಟು, ಇನ್ನೂ ಹೆಚ್ಚು ಅನ್ನೋರೂ ಇದ್ದಾರೆ. ಆದರೂ ಇ4 ಇದ್ದೂ ತೊಂಬತ್ತರವರೆಗೆ ಚೆನ್ನಾಗಿದ್ದವರು ಇದ್ದಾರೆ, ಇ4 ಇಲ್ಲದೆ ಕಾಯಿಲೆ ಬಂದವರು ಬೇಕಾದಷ್ಟು ಜನ. ಅದಕ್ಕೇ ಇದನ್ನ ಅಪಾಯದ ಜೀನ್ ಅಂತಾರೆ, ಕಾರಣದ ಜೀನ್ ಅನ್ನಲ್ಲ. ಎರಡು ಇ4 ಇರೋರ ವಿಷಯದಲ್ಲಿ ಮಾತ್ರ, ಅದನ್ನೂ ಆನುವಂಶಿಕ ಆಲ್ಝೈಮರ್ ಅಂತಲೇ ಕರೀಬೇಕು ಅನ್ನೋ ವಾದ 2024ರಲ್ಲಿ ಎದ್ದಿದೆ. ಎಲ್ಲರೂ ಒಪ್ಪಿಲ್ಲ.

ಅಕ್ಕ: ಅಮ್ಮನದು ಆಲ್ಝೈಮರ್ರೇ ಅಂತ ಹೇಗೆ ಹೇಳ್ತೀಯ? ಬೇರೆ ಮರೆವುಗಳೂ ಇವೆ ಅಂದಿದ್ದೆಯಲ್ಲ.

ತಮ್ಮ: ಇವೆ. ಈ ಬಗೆಯ ಮರೆವುಗಳಿಗೆಲ್ಲ ಸೇರಿ ಡಿಮೆನ್ಶಿಯಾ ಅಂತೀವಿ. ರಕ್ತನಾಳ ಕಟ್ಟಿಕೊಂಡು ಬರೋದಿದೆ, ಬಿ.ಪಿ., ಸಕ್ಕರೆ ಇರೋರಲ್ಲಿ ಜಾಸ್ತಿ. ಎರಡೂ ಕಲಸಿಕೊಂಡು ಇರೋದು ನಮ್ಮಲ್ಲಿ ಬಹಳ. ಹಣೆಯ ಹಿಂದಿನ ಭಾಗ, ಕಿವಿಯ ಪಕ್ಕದ ಭಾಗ ಮೊದಲು ಸವೆಯೋ ಡಿಮೆನ್ಶಿಯಾ ಇನ್ನೊಂದು. ಅದರಲ್ಲಿ ಮರೆವಿಗಿಂತ ಮುಂಚೆ ಸ್ವಭಾವ ಕೆಡುತ್ತೆ. ಮರ್ಯಾದಸ್ಥ ಮನುಷ್ಯ ಇದ್ದಕ್ಕಿದ್ದ ಹಾಗೆ ಬೀದಿಯಲ್ಲಿ ಬಯ್ಯೋದು, ಅಂಗಡಿಯಿಂದ ಎತ್ತಿಕೊಂಡು ಬರೋದು. ಗಾಳಿ ಹಿಡಿದಿದೆ ಅಂತ ಊರೂರು ಸುತ್ತಿಸ್ತಾರೆ. ಆ ಬಗೆಯಲ್ಲಿ ವಂಶದ ಪಾಲು ಹೆಚ್ಚು. 17ನೇ ವರ್ಣತಂತುವಿನ ಎರಡು ಜೀನ್, 9ನೇದರ ಒಂದು, ಇವು ಕೆಲವು ಮನೆತನಗಳಲ್ಲಿ ನೇರವಾಗಿ ಇಳಿದು ಬರುತ್ತವೆ. ಅಮ್ಮನದು ಆ ತರಹ ಅಲ್ಲ. ಅವಳ ಸ್ವಭಾವ ಒಂಚೂರೂ ಬದಲಾಗಿಲ್ಲ. ಮೊದಲು ಹೋಗಿದ್ದು ನಿನ್ನೆ ಮೊನ್ನೆಯ ನೆನಪು.

ಅಕ್ಕ: ಸ್ವಭಾವ ಎಲ್ಲಿ ಹೋಗುತ್ತೆ. ರಾತ್ರಿ ಮೂರು ಗಂಟೆಗೆ ಎದ್ದು ಹುಳಕ್ಕೆ ಸೊಪ್ಪು ಹಾಕಬೇಕು ಅಂತಾಳೆ. ರೇಷ್ಮೆ ಬಿಟ್ಟು ಎಷ್ಟು ವರ್ಷ ಆಯ್ತು, ಮನೆಯಲ್ಲಿ ತಟ್ಟೆ ಇಲ್ಲ, ಚಂದ್ರಿಕೆ ಇಲ್ಲ. ‘ನಾಲ್ಕನೇ ಜ್ವರ ಎದ್ದಿದೆ ಕಣೇ, ಹಸಿದಿರುತ್ತವೆ’ ಅಂತ ಕತ್ತಲಲ್ಲೇ ಗೋಡೆ ತಡವಿಕೊಂಡು ಹೋಗ್ತಾಳೆ. ಹುಳ ಹಣ್ಣಾಗಿದೆ, ಗೂಡು ಕಟ್ಟುತ್ತಿವೆ, ಬೆಳಗ್ಗೆ ನೋಡೋಣ ಬಾಮ್ಮ ಅಂದರೆ ಸಮಾಧಾನವಾಗಿ ಮಲಗ್ತಾಳೆ. ಇಲ್ಲ ಅಂದರೆ ಅಳ್ತಾಳೆ. ಸೊಪ್ಪಿನ ಲೆಕ್ಕ, ಹುಳ ಪೊರೆ ಬಿಡೋ ಜ್ವರದ ದಿನ, ಯಾವುದೂ ತಪ್ಪಲ್ಲ. ನನ್ನ ಹೆಸರು ತಪ್ಪುತ್ತೆ.

ತಮ್ಮ: ಅದನ್ನ ಯಾವ ತರಬೇತಿಯೂ ಇಲ್ಲದೆ ನೀನು ಸರಿಯಾಗಿ ಮಾಡ್ತಿದ್ದೀಯ. ವಾದ ಮಾಡಬಾರದು, ಅವಳ ಜೊತೆ ಹೋಗಬೇಕು. ಹಳೆಯದು ಉಳಿದು ಹೊಸದು ಹೋಗೋದು, ಮೆಲ್ಲಮೆಲ್ಲಗೆ ಇಳಿಯೋದು, ಇದು ಆಲ್ಝೈಮರ್‌ನ ಚಹರೆ. ತಲೆಯ ಸ್ಕ್ಯಾನೂ ಅದನ್ನೇ ಹೇಳ್ತು. ಬಿ-12 ಕಡಿಮೆ ಇದ್ದರೆ, ಥೈರಾಯ್ಡ್ ಕೆಟ್ಟರೆ, ಖಿನ್ನತೆ ಇದ್ದರೆ ಕೂಡ ಮರೆವು ಬರುತ್ತೆ. ಅವಕ್ಕೆ ಔಷಧಿ ಇದೆ, ವಾಸಿಯಾಗುತ್ತೆ. ಅದನ್ನೆಲ್ಲ ಮೊದಲು ನೋಡಿಸಿದ್ದು ಅದಕ್ಕೇ. ‘ವಯಸ್ಸಾಯ್ತು’ ಅಂತ ಬಿಟ್ಟ ಎಷ್ಟೋ ಮನೆಗಳಲ್ಲಿ ಒಂದು ರಕ್ತ ಪರೀಕ್ಷೆಯೂ ಆಗಿರಲ್ಲ. ಇದಕ್ಕೆ ನನಗೆ ಹೊಟ್ಟೆ ಉರಿಯುತ್ತೆ ಅಕ್ಕ.

ಅಕ್ಕ: ನೀನು ಸುತ್ತಿ ಬಳಸಿ ಹೇಳಬೇಡ. ನೂರಕ್ಕೆ ಎಷ್ಟು ಪಾಲು ವಂಶದ್ದು?

ತಮ್ಮ: ಸ್ವೀಡನ್ ದೇಶದಲ್ಲಿ ಅರವತ್ತೈದು ದಾಟಿದ ಸುಮಾರು 12,000 ಜೋಡಿ ಅವಳಿಗಳನ್ನ ನೋಡಿ 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಆಲ್ಝೈಮರ್‌ನಲ್ಲಿ ಆನುವಂಶಿಕತೆ ಶೇ. 58ರಿಂದ 79.

ಅಕ್ಕ: ಅಯ್ಯೋ, ಎಂಬತ್ತು ಅಂದ ಹಾಗೇ ಆಯ್ತಲ್ಲ!

ತಮ್ಮ: ಇನ್ನೊಂದು ಲೆಕ್ಕವನ್ನೂ ಕೇಳು. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ್ದು: ಹದಿನಾಲ್ಕು ಅಪಾಯಗಳನ್ನ ಪೂರ್ತಿ ನಿವಾರಿಸೋಕೆ ಆದರೆ ಪ್ರಪಂಚದ ಡಿಮೆನ್ಶಿಯಾದಲ್ಲಿ ಶೇ. 45ರಷ್ಟನ್ನ ತಡೀಬಹುದು ಅಥವಾ ಮುಂದೂಡಬಹುದು. ಓದಿಲ್ಲದಿರೋದು, ಕಿವಿ ಮಂದವಾಗೋದು, ಕಣ್ಣು ಮಂದವಾಗೋದು, ಬಿ.ಪಿ., ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು, ಬೀಡಿ ಸಿಗರೇಟು, ಹೆಂಡ, ಖಿನ್ನತೆ, ತಲೆಗೆ ಪೆಟ್ಟು, ಕೈಕಾಲು ಆಡಿಸದಿರೋದು, ಒಂಟಿತನ, ಹೊಗೆ ಗಾಳಿ.

ಅಕ್ಕ: ಎಂಬತ್ತೂ ನಲವತ್ತೈದೂ ಕೂಡಿದರೆ ನೂರಿಪ್ಪತ್ತೈದು. ಯಾವುದೋ ಒಂದು ಸುಳ್ಳಿರಬೇಕು.

ತಮ್ಮ: ಎರಡೂ ನಿಜ, ಆದರೆ ಒಂದೇ ರೊಟ್ಟಿಯ ಎರಡು ತುಂಡು ಅಲ್ಲ. ನಿಮ್ಮ ತೋಟದಲ್ಲಿ ಬಾದಾಮಿ ಇದೆ, ತೋತಾಪುರಿ ಇದೆ. ಬಾದಾಮಿ ಗಿಡಗಳೆಲ್ಲ ಒಂದೇ ತಾಯಿಮರದಿಂದ ಕಸಿ ಕಟ್ಟಿದವು ತಾನೆ? ಜೀನ್ ಲೆಕ್ಕದಲ್ಲಿ ಅವು ತದ್ರೂಪಿ ಅವಳಿಗಳು. ಇಡೀ ತೋಟಕ್ಕೆ ಹನಿ ನೀರಾವರಿ ಹಾಕಿ, ಗೊಬ್ಬರ ಎಲ್ಲಕ್ಕೂ ಒಂದೇ ಅಳತೆಯಲ್ಲಿ ಕೊಟ್ಟೆ ಅಂದುಕೋ. ಆಗ ಗಿಡ ಗಿಡಕ್ಕೂ ಇಳುವರಿಯಲ್ಲಿ ವ್ಯತ್ಯಾಸ ಕಂಡರೆ ಅದು ಹೆಚ್ಚಾಗಿ ಜಾತಿಯ ವ್ಯತ್ಯಾಸ, ಅಂದರೆ ಜೀನ್‌ದು. ಅದೇ ತೋಟದ ಅರ್ಧಕ್ಕೆ ನೀರು, ಇನ್ನರ್ಧಕ್ಕೆ ಬರೀ ಮಳೆ ಅಂದರೆ? ಒಂದೇ ಕಸಿಯ ಎರಡು ಗಿಡ ಬೇರೆ ಬೇರೆ ಫಸಲು ಕೊಡುತ್ತೆ. ಆಗ ನೀರಿನ ಪಾಲು ಎದ್ದು ಕಾಣುತ್ತೆ, ಜಾತಿಯ ಪಾಲು ಕಡಿಮೆಯಾದ ಹಾಗೆ ಕಾಣುತ್ತೆ. ಗಿಡದ ಜೀನ್ ಬದಲಾಯಿತಾ? ಇಲ್ಲ. ಸ್ವೀಡನ್ನಿನ ಆ ಶೇಕಡಾ ಲೆಕ್ಕ ಆ ತೋಟದ್ದು. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಶಾಲೆಗೆ ಹೋದವರು, ಬಿ.ಪಿ. ಮಾತ್ರೆ ಎಲ್ಲರಿಗೂ ಕೈಗೆಟುಕುತ್ತೆ. ಕೋಲಾರ ಜಿಲ್ಲೆಯ ತೋಟ ಹಾಗಿಲ್ಲ.

ಅಕ್ಕ: ಅಮ್ಮನ್ನ ಎರಡನೇ ಕ್ಲಾಸಿಗೇ ಬಿಡಿಸಿದರು. ತಮ್ಮಂದಿರನ್ನ ಎತ್ತಿಕೊಳ್ಳೋಕೆ ಯಾರೂ ಇರಲಿಲ್ಲ ಅಂತ. ಮಾವಂದಿರೆಲ್ಲ ಓದಿದರು.

ತಮ್ಮ: ನೋಡು, ಅದನ್ನ ಯಾವ ರಕ್ತ ಪರೀಕ್ಷೆಯೂ ತೋರಿಸಲ್ಲ. ದೇಶದ ಅಂಕಿ ಅಂಶವೂ ಅದನ್ನೇ ಹೇಳುತ್ತೆ. ಅರವತ್ತು ದಾಟಿದವರಲ್ಲಿ ಶೇ. 7.4 ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಅಂತ ಲಾಸಿ-ಡ್ಯಾಡ್ ಅನ್ನೋ ರಾಷ್ಟ್ರೀಯ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಬೆಂಗಳೂರಿನ ಬೀದಿಗೂ ಶ್ರೀನಿವಾಸಪುರದ ಹಳ್ಳಿಗೂ ಜೀನ್ ಬೇರೆಯಾ? ಒಂದೇ ಮನೆಯ ಅಣ್ಣ ಅಲ್ಲಿ, ತಂಗಿ ಇಲ್ಲಿ. ವ್ಯತ್ಯಾಸ ತಂದಿದ್ದು ಬದುಕು.

ಅಕ್ಕ: ಹಾಗಾದರೆ ಜೀನ್ ಹುಡುಕೋದೆಲ್ಲ ದಂಡವಾ? ನಮ್ಮೂರಿಗೆ ಬಂದು ನಿಮ್ಮ ಭಾವನ ರಕ್ತ ತಗೊಂಡು ಹೋದರಲ್ಲ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು.

ತಮ್ಮ: ದಂಡ ಅಲ್ಲವೇ ಅಲ್ಲ! ನಾನು ಕೋಲಾರ ಜಿಲ್ಲೆಯವನು ಅಂತ ಹೆಮ್ಮೆ ಪಡೋ ವಿಷಯಗಳಲ್ಲಿ ಅದೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಅಂತ ಇದೆ. ಅದನ್ನ ಕಟ್ಟಿದವರು ವಿಜಯಲಕ್ಷ್ಮೀ ರವೀಂದ್ರನಾಥ್ ಅನ್ನೋ ನರವಿಜ್ಞಾನಿ. ದುಡ್ಡು ಕೊಟ್ಟಿದ್ದು ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್. 2018ರಲ್ಲಿ ಅವರು ಶ್ರೀನಿವಾಸಪುರ ತಾಲೂಕಿನಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಹೆಸರೇ ಶ್ರೀನಿವಾಸಪುರದ್ದು, ಚಿಕ್ಕದಾಗಿ ಸ್ಯಾನ್ಸ್‌ಕಾಗ್ ಅಂತಾರೆ. ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡೋದು ಗುರಿ. ಅದಕ್ಕೆ ಜೋಡಿಯಾಗಿ ಬೆಂಗಳೂರಿನಲ್ಲಿ ಪೇಟೆಯವರ ಮೇಲೆ ಇನ್ನೊಂದು.

ಅಕ್ಕ: ಆಶಾ ಕಾರ್ಯಕರ್ತೆ ಹುಡುಗಿ ಕರೆದುಕೊಂಡು ಬಂದಿದ್ದಳು. ಊರಲ್ಲಿ ಮೊದಲು ಯಾರೂ ಒಪ್ಪಲಿಲ್ಲ, ರಕ್ತ ಮಾರಿಕೊಳ್ತಾರೆ ಅಂದರು. ನಿಮ್ಮ ಭಾವ ಮೊಂಡ, ಹೋಗಿಯೇ ಬಿಟ್ಟರು. ನಡೆಸಿ ನೋಡಿದರಂತೆ, ಪರದೆ ಮುಟ್ಟಿಸಿ ಚಿತ್ರ ತೋರಿಸಿ ನೆನಪು ನೋಡಿದರಂತೆ, ರಕ್ತ ತೆಗೆದರಂತೆ. ಕೊನೆಗೆ ಬಿ.ಪಿ. ಇದೆ ಅಂದರು. ಅವತ್ತಿನವರೆಗೂ ಗೊತ್ತೇ ಇರಲಿಲ್ಲ. ಅಮ್ಮನ್ನೂ ಕರೆದುಕೊಂಡು ಹೋಗ್ತೀನಿ ಅಂದೆ, ಅವಳನ್ನ ಸೇರಿಸಿಕೊಳ್ಳಲ್ಲ ಅಂದರು. ನನಗೆ ಬೇಜಾರಾಯ್ತು.

ತಮ್ಮ: ಈಗಾಗಲೇ ಕಾಯಿಲೆ ಬಂದವರನ್ನ ಅವರು ಸೇರಿಸಲ್ಲ. ಚೆನ್ನಾಗಿರೋರನ್ನ ಹಿಡಿದು, ಮುಂದೆ ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ, ಅವರ ರಕ್ತದಲ್ಲಿ, ನಡಿಗೆಯಲ್ಲಿ, ಜೀನ್‌ನಲ್ಲಿ ಮೊದಲೇ ಏನು ಸುಳಿವಿತ್ತು ಅಂತ ನೋಡಬೇಕು. ಭಾವನಂಥ ಮೊಂಡರು ಯಾಕೆ ಬೇಕು ಅಂತ ಹೇಳ್ತೀನಿ ಕೇಳು. ಅಪೋ-ಇ ಬಗ್ಗೆ ನಾನು ಹೇಳಿದ ಮೂರು ಪಟ್ಟು, ಎಂಟು ಪಟ್ಟು, ಇವೆಲ್ಲ ಯೂರೋಪಿನ ಮೂಲದವರ ರಕ್ತದಿಂದ ಬಂದ ಲೆಕ್ಕ. ಅದೇ ಇ4 ಜಪಾನ್, ಕೊರಿಯಾ ಕಡೆಯವರಲ್ಲಿ ಇನ್ನೂ ಜೋರಾಗಿ ಕಾಡುತ್ತೆ, ಆಫ್ರಿಕಾ ಮೂಲದವರಲ್ಲಿ ಅಷ್ಟು ಕಾಡಲ್ಲ. ನಮ್ಮವರಲ್ಲಿ? ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನೋಡಿದ್ದರು. 2000ದಲ್ಲಿ ಪ್ರಕಟವಾಯ್ತು. ಅಲ್ಲಿ ಇ4 ಪ್ರಮಾಣ ಶೇ. 7ರಷ್ಟು, ಹೋಲಿಕೆಗೆ ತಗೊಂಡ ಅಮೆರಿಕದ ಪೆನ್ಸಿಲ್ವೇನಿಯಾದ ಊರುಗಳಲ್ಲಿ ಶೇ. 11. ಆ ತಂಡಕ್ಕೆ ಇನ್ನೊಂದು ಸಮಸ್ಯೆ ಎದುರಾಯ್ತು. ನೆನಪಿನ ಪರೀಕ್ಷೆಯ ಪ್ರಶ್ನೆಗಳನ್ನೇ ಓದು ಬಾರದವರಿಗಾಗಿ ಹೊಸದಾಗಿ ಮಾಡಬೇಕಾಯ್ತು.

ಅಕ್ಕ: ಮಾಡದೆ ಇನ್ನೇನು? ಅಮ್ಮ ಚೆನ್ನಾಗಿದ್ದಾಗಲೂ ತಾರೀಕು ಎಷ್ಟು ಅಂದರೆ ಹೇಳ್ತಿರಲಿಲ್ಲ. ಅಮಾವಾಸ್ಯೆಗೆ ಎಷ್ಟು ದಿನ, ಸಂತೆ ಯಾವತ್ತು, ಹಾಲಿನ ಬಿಲ್ಲು ಯಾವತ್ತು ಬರುತ್ತೆ ಅಂದರೆ ಥಟ್ಟನೆ ಹೇಳ್ತಿದ್ದಳು.

ತಮ್ಮ: ಅದೇ. ತಾರೀಕು ಕೇಳಿ ಸೊನ್ನೆ ಹಾಕಿದರೆ ನಮ್ಮ ಜಿಲ್ಲೆಯ ಅರ್ಧ ಅಜ್ಜಿಯರಿಗೆ ಕಾಯಿಲೆ ಇದೆ ಅಂತ ಆಗುತ್ತೆ. ಜೀನ್ ಎಷ್ಟೇ ನಿಖರವಾಗಿ ಓದಿದರೂ, ಕಾಯಿಲೆ ಯಾರಿಗಿದೆ ಅಂತ ಗುರುತಿಸೋದರಲ್ಲೇ ತಪ್ಪಿದರೆ ಲೆಕ್ಕವೆಲ್ಲ ತಪ್ಪುತ್ತೆ. ಇದೇ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳತ್ವದಲ್ಲಿ ಇಪ್ಪತ್ತು ಸಂಸ್ಥೆಗಳು ಸೇರಿ ದೇಶದ ಹತ್ತು ಸಾವಿರ ಜನರ ಇಡೀ ಜೀನೋಮ್ ಓದಿದವು. ಜೀನೋಮ್ ಇಂಡಿಯಾ ಅಂತ. 2025ರ ಜನವರಿಯಲ್ಲಿ ಅದರ ಮಾಹಿತಿ ಸಂಶೋಧಕರಿಗೆ ತೆರೆದರು. ನಮ್ಮ ಜೀನ್‌ನಲ್ಲಿ ಯಾವುದು ಸಹಜ, ಯಾವುದು ವಿಶೇಷ ಅಂತ ಹೇಳೋಕೆ ಇನ್ನು ಮುಂದೆ ಬೇರೆಯವರ ಪುಸ್ತಕ ನೋಡಬೇಕಾಗಿಲ್ಲ.

ಅಕ್ಕ: ಜೀನ್ ಗೊತ್ತಾದರೆ ಔಷಧಿ ಬರುತ್ತಾ?

ತಮ್ಮ: ಔಷಧಿಯ ದಾರಿ ತೆರೆದಿದ್ದೇ ಜೀನ್. ಡೌನ್ ಸಿಂಡ್ರೋಮ್ ಇರೋರಿಗೆ 21ನೇ ವರ್ಣತಂತು ಮೂರು ಇರುತ್ತೆ, ಅಮಿಲಾಯ್ಡ್‌ಗೆ ಮೂಲವಾದ ಎಪಿಪಿ ಜೀನೂ ಮೂರು. ನಲವತ್ತರ ಹೊತ್ತಿಗೆ ಅವರ ಮೆದುಳಿನಲ್ಲಿ ಅಮಿಲಾಯ್ಡ್ ಕಸ ಕಾಣಿಸಿಕೊಳ್ಳುತ್ತೆ. ಅಲ್ಲಿಂದ, ಆ ಅಪರೂಪದ ಮನೆತನಗಳಿಂದ, ಅಮಿಲಾಯ್ಡ್ ಹಿಡೀಬೇಕು ಅಂತ ಗೊತ್ತಾಗಿದ್ದು. ಅದನ್ನ ತೊಳೆಯೋ ಲೆಕಾನೆಮಾಬ್ ಅನ್ನೋ ಔಷಧಿಗೆ ಅಮೆರಿಕ 2023ರಲ್ಲಿ ಪೂರ್ಣ ಅನುಮತಿ ಕೊಟ್ಟಿತು. ಹದಿನೆಂಟು ತಿಂಗಳ ಪ್ರಯೋಗದಲ್ಲಿ ಇಳಿತದ ವೇಗ ಶೇ. 27ರಷ್ಟು ಕಡಿಮೆಯಾಯ್ತು, ನಿಲ್ಲಲಿಲ್ಲ. ತೀರ ಶುರುವಿನಲ್ಲಿರೋರಿಗೆ ಮಾತ್ರ. ಎರಡು ಇ4 ಇದ್ದವರಿಗೆ ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯ ಹೆಚ್ಚು, ಹಾಗಾಗಿ ಅದನ್ನ ಕೊಡೋಕೆ ಮುಂಚೆ ಅಪೋ-ಇ ನೋಡಬೇಕು. ಅಮ್ಮನ ಹಂತ ದಾಟಿದೆ ಅಕ್ಕ.

ಅಕ್ಕ: ಗೊತ್ತು ಬಿಡು. ಇನ್ನೊಂದು ಕೇಳಬೇಕು, ನಿಮ್ಮ ಭಾವನ ಮುಂದೆ ಕೇಳೋಕೆ ಆಗಲ್ಲ. ಅಮ್ಮನ್ನ ಅವಳ ಸೋದರಮಾವನಿಗೇ ಕೊಟ್ಟಿದ್ದು. ಅಜ್ಜಿ ನಮ್ಮಪ್ಪನಿಗೆ ಅಕ್ಕ. ಅಜ್ಜಿಯ ರಕ್ತ ನಮಗೆ ಎರಡೂ ಕಡೆಯಿಂದ ಬಂತಲ್ಲ.

ತಮ್ಮ: ಇದನ್ನ ನಾನೂ ಎಷ್ಟೋ ಸಲ ಕೂತು ಲೆಕ್ಕ ಹಾಕಿದ್ದೀನಿ. ಸೋದರಮಾವನ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ, ಸರಾಸರಿ ನೋಡಿದರೆ, ಎಂಟರಲ್ಲಿ ಒಂದು ಪಾಲು ಜೀನ್‌ಗಳಲ್ಲಿ ಅಪ್ಪನ ಪ್ರತಿಯೂ ಅಮ್ಮನ ಪ್ರತಿಯೂ ಒಂದೇ ಹಿರಿಯರಿಂದ ಬಂದಿರುತ್ತೆ. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರೋ ಕಾಯಿಲೆಗಳು ಇಂಥ ಮದುವೆಯಲ್ಲಿ ಹೆಚ್ಚು, ಅವು ಬಹುಪಾಲು ಮಕ್ಕಳಲ್ಲೇ ಕಾಣಿಸಿಕೊಳ್ಳುತ್ತವೆ: ಕಿವುಡು, ಕೆಲವು ರಕ್ತದ ಕಾಯಿಲೆ, ಬುದ್ಧಿ ಬೆಳೆಯದಿರೋದು. ಮುಪ್ಪಿನ ಆಲ್ಝೈಮರ್ ಆ ಬಗೆಯದಲ್ಲ. ಅದರಲ್ಲಿ ಹತ್ತಾರು ಜೀನ್‌ಗಳು ಚೂರು ಚೂರು ಪಾಲು ಹಾಕುತ್ತವೆ, ಅಪೋ-ಇ ದೊಡ್ಡ ಪಾಲು. ಅಜ್ಜಿಗೆ ಇ4 ಇದ್ದಿದ್ದರೆ ಅದು ಅಮ್ಮನ ಮೂಲಕವೂ ಬರಬಹುದು, ಅಜ್ಜಿಯ ತಮ್ಮನಾದ ಅಪ್ಪನ ಮೂಲಕವೂ ಬರಬಹುದು. ಹಾಗಾಗಿ ಎರಡು ಇ4 ಸೇರೋ ಸಾಧ್ಯತೆ ನನಗೂ ನಿನಗೂ ಬೇರೆಯವರಿಗಿಂತ ಸ್ವಲ್ಪ ಹೆಚ್ಚು. ಸುಳ್ಳು ಹೇಳಲ್ಲ. ಆದರೆ ಅಮ್ಮನ ಕಾಯಿಲೆಗೆ ಆ ಮದುವೆ ಕಾರಣ ಅಲ್ಲ. ಅಮ್ಮ ಹುಟ್ಟಿದ್ದು ಅಂಥ ಮದುವೆಯಲ್ಲಿ ಅಲ್ಲ, ಹುಟ್ಟಿದ್ದು ನಾವು.

ಅಕ್ಕ: ಅದಕ್ಕೇ ನನ್ನ ಮಗಳನ್ನ ಹೊರಗೆ ಕೊಡ್ತಾ ಇರೋದು.

ತಮ್ಮ: ಒಳ್ಳೇದಾಯ್ತು. ಹೊರಗೆ ಅಂದರೂ ಒಂದೇ ಕುಲದೊಳಗೇ ಅಲ್ವಾ ನಾವು ಸುತ್ತೋದು. ಲಾಸಿ-ಡ್ಯಾಡ್‌ನಲ್ಲಿ ಸೇರಿದ 2,762 ಜನರ ಇಡೀ ಜೀನೋಮ್ ಓದಿ 2025ರಲ್ಲಿ ಪ್ರಕಟಿಸಿದರು. ದೇಶದ ಬೇರೆ ಬೇರೆ ಮೂಲೆಯಿಂದ ಆರಿಸಿದವರು. ಆದರೂ ಅವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕೈದು ತಲೆಮಾರಿನ ಹಿಂದೆ ಕೂಡೋ ದಾಯಾದಿ ಒಬ್ಬರಾದರೂ ಆ ಗುಂಪಿನಲ್ಲೇ ಸಿಕ್ಕರು. ಮಾಲೂರಿನವರ ರಕ್ತ ಹಾಲಿನಷ್ಟು ಶುದ್ಧ, ನಮ್ಮದು ಮಾತ್ರ ಕೆಟ್ಟದ್ದು ಅನ್ನೋ ಹಾಗಿಲ್ಲ.

ಅಕ್ಕ: ಬೆಂಗಳೂರಿನಲ್ಲಿ ಎಂಜಲು ಕೊಟ್ಟರೆ ಸಾಕು, ಎಲ್ಲ ಜೀನೂ ಹೇಳ್ತಾರಂತೆ. ಮಗಳು ಮೊಬೈಲಿನಲ್ಲಿ ತೋರಿಸಿದಳು. ನಾನು ಮಾಡಿಸಲಾ?

ತಮ್ಮ: ಈಗ ಬೇಡ ಅಂತ ನನ್ನ ಅಭಿಪ್ರಾಯ. ಇ4 ಇದೆ ಅಂತ ಗೊತ್ತಾದರೆ ಏನು ಮಾಡ್ತೀಯ? ಬಿ.ಪಿ. ನೋಡ್ಕೋ, ಸಕ್ಕರೆ ನೋಡ್ಕೋ, ನಡಿ ಅಂತೀನಿ. ಇಲ್ಲ ಅಂತ ಗೊತ್ತಾದರೂ ಅದನ್ನೇ ಹೇಳ್ತೀನಿ. ನಡುವೆ ಒಂದು ಚೀಟಿ ನಿನ್ನ ಕೈಗೆ ಬರುತ್ತೆ, ನೀನು ಬೀಗದ ಕೈ ಮರೆತ ಪ್ರತಿ ಸಲ ಆ ಚೀಟಿ ನೆನಪಾಗುತ್ತೆ. ಅದು ನಿನ್ನೊಬ್ಬಳದೂ ಅಲ್ಲ, ನಿನ್ನ ಫಲಿತಾಂಶ ಅರ್ಧ ನನ್ನದು, ಅರ್ಧ ನಿನ್ನ ಮಗಳದು. ಐವತ್ತಕ್ಕೇ ಶುರುವಾಗಿ, ತಲೆಮಾರು ಬಿಡದೆ ಬಂದ ಮನೆ ಆಗಿದ್ದರೆ ಬೇರೆ ಮಾತು. ಅವರು ನಿಮ್ಹಾನ್ಸ್‌ಗೆ ಹೋಗಿ, ಮೊದಲು ಜೆನೆಟಿಕ್ ಕೌನ್ಸೆಲಿಂಗ್ ತಗೊಂಡು, ಆಮೇಲೆ ಪರೀಕ್ಷೆ ಮಾಡಿಸಬೇಕು. ಎಂಜಲು ಅಂಚೆಯಲ್ಲಿ ಕಳಿಸೋ ಕೆಲಸ ಅಲ್ಲ.

ಅಕ್ಕ: ಈಚೆಗೆ ಅಮ್ಮ ಕನ್ನಡವನ್ನೇ ಬಿಡ್ತಿದ್ದಾಳೆ. ಮುಳಬಾಗಿಲಿನ ತೌರುಮನೆಯ ತೆಲುಗೇ ಆಡ್ತಾಳೆ. ಮೊಮ್ಮಕ್ಕಳಿಗೆ ಅರ್ಥ ಆಗಲ್ಲ, ನಾನು ಮಧ್ಯೆ ಕೂತು ಹೇಳಬೇಕು. ಎರಡು ಭಾಷೆ ಆಡಿದ್ದಕ್ಕೇ ತಲೆ ಕೆಟ್ಟಿತು ಅಂತ ಪಕ್ಕದ ಮನೆಯವರು ಅಂತಾರೆ.

ತಮ್ಮ: ತಿರುಗುಮುರುಗು ಹೇಳ್ತಿದ್ದಾರೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಅನ್ನೋ ನರರೋಗ ತಜ್ಞೆ 648 ಡಿಮೆನ್ಶಿಯಾ ರೋಗಿಗಳನ್ನ ನೋಡಿ 2013ರಲ್ಲಿ ಬರೆದರು: ಒಂದೇ ಭಾಷೆ ಆಡೋರಿಗಿಂತ ಎರಡು ಭಾಷೆ ಆಡೋರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಅಕ್ಷರ ಬಾರದವರಲ್ಲೂ ಅಷ್ಟೇ. ಎಲ್ಲ ಅಧ್ಯಯನಗಳೂ ಇದನ್ನ ಒಪ್ಪಿಲ್ಲ, ಆದರೆ ನಮ್ಮಂಥ ಗಡಿ ಜಿಲ್ಲೆಯವರು ಗಮನಿಸಬೇಕಾದ ಮಾತು. ಮನೆಯಲ್ಲಿ ತೆಲುಗು, ಮಂಡಿಯಲ್ಲಿ ಕನ್ನಡ, ಪೇಟೆಗೆ ಹೋದರೆ ತಮಿಳು, ಉರ್ದು. ಇಡೀ ಆಯುಸ್ಸು ಅಮ್ಮ ಭಾಷೆ ಬದಲಾಯಿಸಿಕೊಂಡೇ ಬದುಕಿದಳು. ಯಾರಿಗೆ ಗೊತ್ತು, ಎಪ್ಪತ್ತರವರೆಗೆ ತಡೆದಿದ್ದು ಅದೇ ಇದ್ದರೂ ಇರಬಹುದು. ಮೊಮ್ಮಕ್ಕಳಿಗೆ ನಾಲ್ಕು ಮಾತು ತೆಲುಗು ಕಲಿಸು.

ಅಕ್ಕ: ಸರಿ, ಮಾಲೂರಿನವರಿಗೆ ಏನು ಹೇಳಲಿ? ಮುಂದಿನ ವಾರ ಮಾತುಕತೆಗೆ ಮನೆಗೇ ಬರ್ತಾರೆ. ಆವತ್ತೊಂದು ದಿನ ಅಮ್ಮನ್ನ ಮುಳಬಾಗಿಲಿಗೆ ಕಳಿಸು ಅಂತ ನಿಮ್ಮ ಭಾವ ಅಂದರು.

ತಮ್ಮ: ಕಳಿಸಬೇಡ. ಜಾಗ ಬದಲಾದರೆ ಅಮ್ಮ ಕಂಗಾಲಾಗ್ತಾಳೆ, ಅದು ಒಂದು. ಇನ್ನೊಂದು, ಹೀಗೆ ಮನೆ ಮನೆಯಲ್ಲೂ ಒಳಕೋಣೆಗೆ ತಳ್ಳಿ ತಳ್ಳಿಯೇ ಈ ಕಾಯಿಲೆ ನಮ್ಮ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗಾಗಿರೋದು. ಇಲ್ಲ ಅಂದುಕೊಂಡರೆ ಆಸ್ಪತ್ರೆಗೆ ಯಾರು ಬರ್ತಾರೆ? ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ನೋಡೋ ಜಾಗ ಇದೆ. ಕರೆದುಕೊಂಡು ಬರೋರಿಗೆ ನಾಚಿಕೆ ಅಡ್ಡ ಬರುತ್ತೆ.

ಅಕ್ಕ: ಸಂಬಂಧ ಮುರಿದರೆ?

ತಮ್ಮ: ಮುರಿದರೆ ಮುರೀಲಿ ಅಂತ ನಾನು ಸುಲಭವಾಗಿ ಹೇಳಬಹುದು, ಅನುಭವಿಸೋದು ನೀನೂ ನಿನ್ನ ಮಗಳೂ. ಆದರೆ ಅವರಿಗೆ ಹೇಳೋಕೆ ನಿನ್ನ ಹತ್ತಿರ ನಿಜವಾದ ಮಾತಿದೆ. ನೇರವಾಗಿ ಇಳಿದು ಬರೋ ಕಾಯಿಲೆಯ ಲಕ್ಷಣ ನಮ್ಮ ಮನೆಯಲ್ಲಿಲ್ಲ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು ಅನ್ನೋದು ನಿಜ, ಅಜ್ಜಿಯಿಂದ ಮೊಮ್ಮಗಳಿಗೆ ಬರೋ ಹೊತ್ತಿಗೆ ಅದು ಇನ್ನೂ ತೆಳ್ಳಗಾಗುತ್ತೆ. ಹುಡುಗನ ಅಪ್ಪನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಅಂತ ನೀನೇ ಹೇಳಿದೆ. ಅದೂ ವಂಶದಲ್ಲಿ ಬರುತ್ತೆ, ಅದೂ ಡಿಮೆನ್ಶಿಯಾಕ್ಕೆ ದಾರಿ. ನಾವು ಅದನ್ನ ಕೇಳಿದೆವಾ?

ಅಕ್ಕ: ಕೇಳಲ್ಲ, ಕೇಳೋದೂ ಬೇಡ. ಅಮ್ಮನ್ನ ಜಗಲಿಯಲ್ಲೇ ಕೂರಿಸ್ತೀನಿ. ತಲೆ ಬಾಚಿ, ಒಳ್ಳೇ ಸೀರೆ ಉಡಿಸಿ. ಅವರನ್ನ ನೋಡಿ ‘ಗೂಡಿಗೆ ಎಷ್ಟು ರೇಟು’ ಅಂತ ಕೇಳ್ತಾಳೆ, ಕೇಳಲಿ. ಈ ಮನೆಗೆ ಹೆಣ್ಣು ಕೇಳಿಕೊಂಡು ಬರೋರು ಅವಳನ್ನೂ ನೋಡಿಯೇ ಹೋಗಲಿ.

ತಮ್ಮ: ಹಾಗೇ ಮಾಡು. ನಾನು ಶನಿವಾರ ಬರ್ತೀನಿ. ಅಮ್ಮನ ಕಿವಿ ಪರೀಕ್ಷೆಗೆ ಕೋಲಾರದಲ್ಲಿ ಹೇಳಿಟ್ಟಿದ್ದೀನಿ, ಮಿಷನ್ನು ಹಾಕಿದರೆ ಮಾತು ಸ್ವಲ್ಪ ಹತ್ತಿರವಾಗಬಹುದು. ನೀನು ಬೆಳಗ್ಗೆ ಏನೂ ತಿನ್ನದೆ ಇರು, ನಿನ್ನ ಸಕ್ಕರೆ, ಬಿ-12 ಎರಡಕ್ಕೂ ರಕ್ತ ತಗೋಬೇಕು. ಭಾವ ಬಿ.ಪಿ. ಮಾತ್ರೆ ದಿನಾ ನುಂಗ್ತಾರಾ, ತಲೆ ನೋವು ಬಂದ ದಿನ ಮಾತ್ರ ನುಂಗ್ತಾರಾ?

ಅಕ್ಕ: ನೋವು ಬಂದ ದಿನ ಮಾತ್ರ. ನೀನೇ ಬಂದು ಹೇಳು, ನನ್ನ ಮಾತು ಕೇಳಲ್ಲ.